ಕಾಲೇಜು ಆಟಗಾರರ ಎನ್‌ಐಎಲ್ ಡೀಲ್ ವರದಿಗೆ ಒಂದು ಆ್ಯಪ್: ಏನಿರಬೇಕು, ಏನು ಬೇಡವೇ ಬೇಡ?

ಓಹಾಯೊ_ಹಳ್ಳಿಹೈದ

ಎಲ್ಲರಿಗೂ ನಮಸ್ಕಾರ. ಕೊಲಂಬಸ್ ಹತ್ತಿರ ಇದ್ದೇನೆ, ಮೊಬೈಲ್ ಆ್ಯಪ್ ಬರೆಯುವುದು ಕೆಲಸ. ಒಂದು ಐಡಿಯಾ ತಲೆಯಲ್ಲಿ ಕೊರೆಯುತ್ತಿದೆ. ನಿಮ್ಮ ಕೈಲಿ ಬೈಸಿಕೊಂಡು ಆಮೇಲೆ ಕೋಡ್ ಬರೆಯೋಣ ಅಂತ ಇಲ್ಲಿ ಹಾಕುತ್ತಿದ್ದೇನೆ.

ವಿಷಯ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಅಮೆರಿಕದಲ್ಲಿ 2021ರ ಜುಲೈ 1ರವರೆಗೆ ಕಾಲೇಜು ಆಟಗಾರ ತನ್ನ ಹೆಸರು, ಮುಖ ತೋರಿಸಿ ಜಾಹೀರಾತಿನಲ್ಲಿ ದುಡ್ಡು ಮಾಡಿದರೆ ಆಡುವ ಅರ್ಹತೆಗೇ ಕುತ್ತು ಬರುತ್ತಿತ್ತು. ಆಮೇಲೆ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎ ಬಾಗಿಲು ತೆರೆಯಿತು. ಎನ್‌ಐಎಲ್ (ನೇಮ್, ಇಮೇಜ್, ಲೈಕ್‌ನೆಸ್) ಅನ್ನುವುದು ಇದನ್ನೇ. 2025ರ ಜೂನ್ 6ರಂದು, ಕಾಲೇಜು ಆಟಗಾರರು ಎನ್‌ಸಿಎಎ ಮೇಲೆ ಹಾಕಿದ್ದ ಹೌಸ್ ಕೇಸಿನ ರಾಜಿಗೆ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಒಪ್ಪಿಗೆ ಕೊಟ್ಟರು. ಈಗ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. ಮೊದಲ ವರ್ಷದ ಮಿತಿ ಒಂದು ಕಾಲೇಜಿಗೆ ಸುಮಾರು 20.5 ಮಿಲಿಯನ್ ಡಾಲರ್. ಹೊರಗಿನವರ ಜೊತೆ ಮಾಡಿಕೊಂಡ ಡೀಲ್ 600 ಡಾಲರ್ ಮುಟ್ಟಿದರೆ ಐದು ಕೆಲಸದ ದಿನಗಳ ಒಳಗೆ ಎನ್‌ಐಎಲ್ ಗೋ ಅನ್ನುವ ಪೋರ್ಟಲ್‌ಗೆ ಹಾಕಬೇಕು. ಡೆಲಾಯ್ಟ್ ಕಟ್ಟಿದ ಪೋರ್ಟಲ್ ಅದು. ಅದನ್ನು ನೋಡಿಕೊಂಡು ಡೀಲ್ ಪಾಸ್ ಮಾಡುವುದು, ತಡೆಯುವುದು ಕಾಲೇಜ್ ಸ್ಪೋರ್ಟ್ಸ್ ಕಮಿಷನ್.

ಪರಿಚಯದವರ ಮಗಳೊಬ್ಬಳು ಡಿವಿಷನ್ 1 (ಎನ್‌ಸಿಎಎಯ ಮೇಲಿನ ದರ್ಜೆ) ಕಾಲೇಜಿನಲ್ಲಿ ವಾಲಿಬಾಲ್ ಆಡುತ್ತಾಳೆ. ಅವಳ ಡೀಲ್‌ಗಳೆಲ್ಲ ಇನ್‌ಸ್ಟಾಗ್ರಾಂ ಮೆಸೇಜಿನಲ್ಲೇ ಮುಗಿಯುತ್ತವೆ. ಒಂದು ಕಡೆ ದುಡ್ಡು, ಇನ್ನೊಂದು ಕಡೆ ಬೂಟು, ಮತ್ತೊಂದು ಕಡೆ ಜಿಮ್ ಮೆಂಬರ್‌ಶಿಪ್. ಯಾವುದನ್ನು ಹೇಳಬೇಕು, ಯಾವುದು ಬೇಡ, ಅವಳಿಗೂ ಗೊತ್ತಿಲ್ಲ, ಅಪ್ಪ ಅಮ್ಮನಿಗೂ ಗೊತ್ತಿಲ್ಲ.

ನನ್ನ ಯೋಚನೆ ಹೀಗಿದೆ. ಒಂದು ಫಾರ್ಮ್. ತುಂಬಿದ ಕೂಡಲೇ ಹಸಿರು, ಹಳದಿ, ಕೆಂಪು ದೀಪ. ಡೀಲ್ ಪಾಸ್ ಆಗುತ್ತಾ ಇಲ್ವಾ ಅಂತ ತಕ್ಷಣ ತಿಳಿಯಬೇಕು. ಮೂರು ಪ್ರಶ್ನೆ. ಫಾರ್ಮ್‌ನಲ್ಲಿ ಏನೇನು ಕೇಳಬೇಕು? ದೀಪದ ಐಡಿಯಾ ಹೇಗಿದೆ? ದುಡ್ಡು ಕೊಡುವವರು ಯಾರು?

ಬಿಸಿಬೇಳೆ_ಬಾಸ್ಟನ್

ಮೂರನೇ ಪ್ರಶ್ನೆಯನ್ನು ಮೊದಲು ಕೇಳಬೇಕಿತ್ತು ಗುರುಗಳೇ.

ಹಳೇ_ಕಬಡ್ಡಿಗ

ನಾವು ಯೂನಿವರ್ಸಿಟಿಗೆ ಕಬಡ್ಡಿ ಆಡುವಾಗ ಸ್ಲೀಪರ್ ಕ್ಲಾಸ್ ಟಿಕೆಟ್ಟು, ಟಿಎ ಡಿಎ ಕೈಗೆ ಬಂದರೆ ಅದೇ ದೊಡ್ಡ ಡೀಲು. ಅದಕ್ಕೂ ಮೂರು ಕಡೆ ಸಹಿ ಬೇಕಿತ್ತು. ಈ ಆ್ಯಪ್ ನಮ್ಮ ಕಾಲಕ್ಕೆ ಇರಬೇಕಿತ್ತು 😄

ಕಂಪ್ಲಯನ್ಸ್_ಅಕ್ಕ

ಆಟಗಾರರು ನಿಯಮ ಪಾಲಿಸುತ್ತಾರಾ ಅಂತ ನೋಡುವ ಕಂಪ್ಲಯನ್ಸ್ ಕೆಲಸ ನನ್ನದು. ಡಿವಿಷನ್ 1 ಕಾಲೇಜು, ಯಾವುದು ಅಂತ ಕೇಳಬೇಡಿ. ಸ್ವಲ್ಪ ಉದ್ದ ಬರೆಯುತ್ತೇನೆ.

ನೀವು ಫಾರ್ಮ್ ಕಷ್ಟ ಅಂದುಕೊಂಡಿದ್ದೀರಿ. ಅದು ಅಷ್ಟೇನೂ ಕಷ್ಟವಲ್ಲ. ಯಾರು ಕೊಡುತ್ತಾರೆ, ಎಷ್ಟು, ಯಾವ ಕೆಲಸಕ್ಕೆ, ಯಾವಾಗಿನಿಂದ ಯಾವಾಗಿನವರೆಗೆ, ಏಜೆಂಟ್ ಇದ್ದಾರಾ, ಒಪ್ಪಂದದ ಪ್ರತಿ ಎಲ್ಲಿ. ಇಷ್ಟು ಕೈಲಿದ್ದರೆ ತುಂಬುವುದು ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಕಷ್ಟ ಇರುವುದು ಅದಕ್ಕಿಂತ ಮೊದಲು. ತಾನು ಮಾಡಿದ್ದು ಒಂದು ಡೀಲ್ ಅಂತ ಆ ಮಗುವಿಗೆ ಅನ್ನಿಸುವುದೇ ಇಲ್ಲ. "ಅಂಕಲ್ ಬೂಟು ಕೊಟ್ಟರು, ನಾನು ಫೋಟೋ ಹಾಕಿದೆ ಅಷ್ಟೇ ಮೇಡಂ" ಅನ್ನುತ್ತಾರೆ. ನಮಗೆ ಗೊತ್ತಾಗುವುದು ತಿಂಗಳಾದ ಮೇಲೆ, ಅದೂ ಯಾರೋ ಆ ಪೋಸ್ಟ್ ತೋರಿಸಿದಾಗ. ಐದು ದಿನದ ಗಡುವು ಅಷ್ಟರಲ್ಲಿ ಎಲ್ಲೋ ಹೋಗಿರುತ್ತದೆ.

ಇನ್ನೊಂದು. 600 ಅನ್ನುವುದು ಒಂದೊಂದು ಪೋಸ್ಟಿನ ಲೆಕ್ಕ ಅಲ್ಲ. ಒಬ್ಬರೇ ಕೊಡುವವರಿಂದ ಬಂದದ್ದೆಲ್ಲ ಕೂಡಿ ನೋಡಬೇಕು. 150 ಡಾಲರಿನ ನಾಲ್ಕು ಪೋಸ್ಟ್ ಆದರೆ 600 ಆಯಿತು. ಒಬ್ಬನೇ ಮಾಲೀಕ ಎರಡು ಅಂಗಡಿ ಹೆಸರಿನಲ್ಲಿ ಕೊಟ್ಟರೂ ಒಂದೇ ಲೆಕ್ಕ. ನಿಮ್ಮ ಆ್ಯಪ್ ಈ ಕೂಡುವ ಕೆಲಸ ಒಂದನ್ನೇ ಸರಿಯಾಗಿ ಮಾಡಿದರೂ ನಾನು ಹೊಗಳುತ್ತೇನೆ.

ದೀಪ ಮಾತ್ರ ದಯವಿಟ್ಟು ಬೇಡ.

ಕುಡ್ಲ_ಕೋಡರ್

ಅಯ್ಯೋ ಮಾರಾಯ್ರೆ, ದೀಪ ಇಲ್ಲದಿದ್ದರೆ ಯಾರು ಡೌನ್‌ಲೋಡ್ ಮಾಡ್ತಾರೆ? 19 ವರ್ಷದ ಹುಡುಗ ಸುಮ್ನೆ ದಾಖಲೆ ಇಟ್ಟುಕೊಳ್ಳಲಿಕ್ಕೆ ಆ್ಯಪ್ ತೆಗೆಯುವುದಿಲ್ಲ. "ನನಗೆ ತೊಂದರೆ ಆಗ್ತದಾ?" ಅನ್ನುವುದೊಂದೇ ಅವನ ಪ್ರಶ್ನೆ. ಅದಕ್ಕೆ ಉತ್ತರ ಕೊಡದ ಆ್ಯಪ್ ಯಾಕೆ ಬೇಕು?

ವಕೀಲ_ಡಲ್ಲಾಸ್

ಹಸಿರು ದೀಪ ನೋಡಿ ಹುಡುಗ ಸಹಿ ಹಾಕುತ್ತಾನೆ. ಎನ್‌ಐಎಲ್ ಗೋ ತಿರಸ್ಕರಿಸುತ್ತದೆ. ಅವನ ಅರ್ಹತೆಗೆ ಧಕ್ಕೆ ಬರುತ್ತದೆ. ಅವನ ಅಪ್ಪ ಮೊದಲು ಫೋನ್ ಮಾಡುವುದು ನನ್ನಂಥವರಿಗೆ. ನಾವು ಮೊದಲು ಹುಡುಕುವುದು ಆ ದೀಪ ಹಚ್ಚಿದವನನ್ನು. ಕೆಳಗೆ ಸಣ್ಣಕ್ಷರದಲ್ಲಿ "ಇದು ಕಾನೂನು ಸಲಹೆ ಅಲ್ಲ" ಅಂತ ಹಾಕಿದ್ದೇನೆ ಅನ್ನಬೇಡಿ.

ಕುಡ್ಲ_ಕೋಡರ್

ವಕೀಲರು ಹೀಗೇ ಹೇಳುವುದು ಅಂತ ಗೊತ್ತಿತ್ತು 😂 ಹಾಗಾದರೆ ತೆರಿಗೆ ಸಾಫ್ಟ್‌ವೇರ್‌ಗಳು ಹೇಗೆ ಬದುಕಿವೆ?

ವಕೀಲ_ಡಲ್ಲಾಸ್

ತೆರಿಗೆಗೆ ಬರೆದಿಟ್ಟ ನಿಯಮ ಇದೆ, ಕೂಡಿ ಕಳೆದರೆ ಉತ್ತರ ಬರುತ್ತದೆ. ಇಲ್ಲಿ ನೋಡುವುದು ಬೇರೆಯದೇ. ದುಡ್ಡು ಕೊಡುವವನಿಗೆ ಕಾಲೇಜಿನ ನಂಟು ಇದೆಯಾ? ಇದ್ದರೆ, ಈ ಡೀಲ್ ಹಿಂದೆ ನಿಜವಾದ ವ್ಯಾಪಾರದ ಉದ್ದೇಶ ಇದೆಯಾ, ಇಲ್ಲ ಆಟಗಾರನನ್ನು ಎಳೆದುಕೊಳ್ಳಲು ಕೊಟ್ಟ ಸಂಬಳಕ್ಕೆ ಜಾಹೀರಾತಿನ ಹೆಸರಾ? ಅಂಥ ಕೆಲಸಕ್ಕೆ ಅಂಥ ಆಟಗಾರನಿಗೆ ಇಷ್ಟು ದುಡ್ಡು ಸಹಜವಾ? ಇದರಲ್ಲಿ ಎರಡು ಪ್ರಶ್ನೆ ಒಬ್ಬರ ತೀರ್ಮಾನದ ಮೇಲೆ ನಿಂತಿವೆ. ಆ ತೀರ್ಮಾನವೂ ಬದಲಾಗುತ್ತದೆ. 2025ರ ಜುಲೈನಲ್ಲಿ ಕಮಿಷನ್ ಕಲೆಕ್ಟಿವ್‌ಗಳ ಬಗ್ಗೆ ಒಂದು ಬಿಗಿ ಸೂಚನೆ ಹೊರಡಿಸಿತು. ಆಟಗಾರರ ಪರ ವಕೀಲರು ಗಲಾಟೆ ಮಾಡಿದರು. ಅದೇ ತಿಂಗಳ ಕೊನೆಗೆ ಸೂಚನೆ ಸಡಿಲಾಯಿತು. ನಿಮ್ಮ ದೀಪ ಆ ತಿಂಗಳು ಯಾವ ಬಣ್ಣ ತೋರಿಸುತ್ತಿತ್ತು?

ಸುಮ್ನೆ_ಓದುಗ

ಕಲೆಕ್ಟಿವ್ ಅಂದ್ರೆ ಯಾರು?

ಧಾರವಾಡ_ಪೇಡಾ

ಕಾಲೇಜಿನ ಅಭಿಮಾನಿಗಳು, ಶ್ರೀಮಂತ ಹಳೆ ವಿದ್ಯಾರ್ಥಿಗಳು ಸೇರಿ ರೊಕ್ಕ ಕೂಡಿಸಿ ಆಟಗಾರರಿಗೆ ಕೊಡೋ ಗುಂಪು ರೀ. ಹೊರಗಿಂದ ನೋಡಿದರ ಜಾಹೀರಾತು, ಒಳಗ ನೋಡಿದರ ಪಗಾರ. ಅದಕ್ಕ ಇಷ್ಟೆಲ್ಲಾ ಜಗಳ.

ಟೆನಿಸ್_ತಾಯಿ

ನನ್ನ ಮಗಳು ಟೆಕ್ಸಸ್‌ನಲ್ಲಿ ಕಾಲೇಜು ಟೆನಿಸ್ ಆಡುತ್ತಾಳೆ. ಇಲ್ಲೇ ಹುಟ್ಟಿದವಳು, ವೀಸಾ ಚಿಂತೆ ಇಲ್ಲ. ಟಿವಿಯಲ್ಲಿ ಬರುವ ಅಮೆರಿಕನ್ ಫುಟ್ಬಾಲ್ ಹುಡುಗರ ಲಕ್ಷ ಲಕ್ಷ ಡಾಲರ್ ಡೀಲ್ ನೋಡಿ ಇದು ನಮಗೆ ಸಂಬಂಧ ಇಲ್ಲ ಅಂದುಕೊಂಡಿದ್ದೆವು. ಊರಿನ ದೋಸೆ ಹೋಟೆಲಿನವರು, ನಮ್ಮವರೇ, "ಮಗು ವಾರಕ್ಕೊಮ್ಮೆ ಬಂದು ಊಟ ಮಾಡಲಿ, ಆಗಾಗ ಒಂದು ವಿಡಿಯೋ ಹಾಕಲಿ" ಅಂದರು. ಪ್ರೀತಿಯಿಂದ ಹೇಳಿದ್ದು. ಇದೂ ವರದಿ ಮಾಡಬೇಕಾ? ನಾಚಿಕೆ ಆಗುತ್ತೆ ಅವರ ಹತ್ತಿರ ಕಾಗದ ಕೇಳೋಕೆ.

ಕಂಪ್ಲಯನ್ಸ್_ಅಕ್ಕ

ಅಕ್ಕಾ, ಊಟವೂ ಡೀಲೇ. ದುಡ್ಡಿನ ಬದಲು ವಸ್ತು ಕೊಟ್ಟರೂ ಬೆಲೆ ಕಟ್ಟಬೇಕು. ವಾರದ ಊಟ 15 ಡಾಲರ್ ಅಂದುಕೊಳ್ಳಿ. 40 ವಾರಕ್ಕೆ ಸರಿಯಾಗಿ 600. ಇಡೀ ವರ್ಷಕ್ಕೆ ಅಂತ ಮಾತಾಗಿದ್ದರೆ ಒಟ್ಟು ಬೆಲೆ ಮೊದಲ ದಿನವೇ ಗೊತ್ತಿರುತ್ತದೆ. ಹಾಗಾಗಿ ಐದು ದಿನದ ಲೆಕ್ಕ ಒಪ್ಪಿಕೊಂಡ ದಿನದಿಂದ, 40ನೇ ದೋಸೆಯಿಂದಲ್ಲ.

ಕಾಗದ ಕೇಳೋಕೆ ಮುಜುಗರ ಬೇಡ. ಒಂದು ವಾಟ್ಸಾಪ್ ಮೆಸೇಜಿನಲ್ಲಿ ಎಷ್ಟು ಊಟ, ಎಷ್ಟು ವಿಡಿಯೋ, ಯಾವಾಗಿನವರೆಗೆ ಅಂತ ಬರೆದುಕೊಂಡು ಅವರು "ಸರಿ" ಅಂದರೆ ಅಷ್ಟರ ಮಟ್ಟಿಗೆ ದಾಖಲೆ ಆಯಿತು. ಆಮೇಲೆ ನಿಮ್ಮ ಕಾಲೇಜಿನ ಕಂಪ್ಲಯನ್ಸ್ ಆಫೀಸಿಗೆ ಒಂದು ಮಾತು ಕೇಳಿ.

ಬಿಸಿಬೇಳೆ_ಬಾಸ್ಟನ್

ಟೆಕ್ಸಸ್‌ನಲ್ಲಿ ದೋಸೆ ಊಟ 15 ಡಾಲರಿಗೆ ಎಲ್ಲಿ ಸಿಗುತ್ತೆ ಅಡ್ರೆಸ್ ಕೊಡಿ. ಇಲ್ಲಿ ಬರೀ ಮಸಾಲೆ ದೋಸೆಗೇ ಅಷ್ಟು ಕೀಳುತ್ತಾರೆ.

ಧಾರವಾಡ_ಪೇಡಾ

ಅದೂ ಚಟ್ನಿ ಎರಡನೇ ಸಲ ಕೇಳಿದರ ಬಿಲ್ಲಿಗೆ ಸೇರಸ್ತಾರ ರೀ.

ಜಯನಗರ_4ನೇಬ್ಲಾಕ್

ವಿಷಯಕ್ಕೆ ಬರೋಣ್ವಾ? ನಾನು ಬೆಂಗಳೂರಲ್ಲಿ ಕೂತು ಅಮೆರಿಕದ ಕಂಪನಿಗಳಿಗೆ ಆ್ಯಪ್ ಡಿಸೈನ್ ಮಾಡುವವಳು. ಕಂಪ್ಲಯನ್ಸ್_ಅಕ್ಕ ಹೇಳಿದ್ದು ಇಲ್ಲಿ ಮುಖ್ಯ. ಡೀಲ್ ಆಗುವ ಜಾಗ ಮೆಸೇಜ್. ಹಾಗಾದರೆ ಆ್ಯಪ್ ಶುರುವಾಗಬೇಕಾದ್ದೂ ಅಲ್ಲೇ. ಹುಡುಗಿ ಇನ್‌ಸ್ಟಾಗ್ರಾಂ ಮಾತುಕತೆಯ ಸ್ಕ್ರೀನ್‌ಶಾಟ್ ತೆಗೆದು ನಿಮ್ಮ ಆ್ಯಪ್‌ಗೆ ಶೇರ್ ಮಾಡಲಿ. ಹೆಸರು, ಮೊತ್ತ, ತಾರೀಕು, ಏನು ಮಾಡಬೇಕು ಇವನ್ನು ಆ್ಯಪ್ ಓದಿಕೊಂಡು "ಇದು ಸರೀನಾ?" ಅಂತ ಕೇಳಲಿ. ಅವತ್ತಿಗೆ ಅಷ್ಟು ಸಾಕು. ಉಳಿದದ್ದನ್ನು ಮರುದಿನ ಒಂದೊಂದಾಗಿ ಕೇಳಿ. ಮೊದಲ ಪರದೆಯಲ್ಲೇ ಇಡೀ ಫಾರ್ಮ್ ಸುರಿದರೆ ಅದು ಬಸ್ಸಿನಲ್ಲಿ ಕೂತ ಮಗು, ಮುಚ್ಚಿಬಿಡುತ್ತೆ, ಮತ್ತೆ ತೆರೆಯುವುದಿಲ್ಲ.

ಇನ್ನೊಂದು, ಪ್ರತಿ ಪ್ರಶ್ನೆಗೂ "ಗೊತ್ತಿಲ್ಲ" ಅನ್ನುವ ಬಟನ್ ಬೇಕೇ ಬೇಕು. ಅದಿಲ್ಲದಿದ್ದರೆ ಜನ ಸುಳ್ಳು ಹೇಳುತ್ತಾರೆ, ಮುಂದಿನ ಪರದೆಗೆ ಹೋಗೋಕೆ.

ಕಂಪ್ಲಯನ್ಸ್_ಅಕ್ಕ

"ಗೊತ್ತಿಲ್ಲ" ಬಟನ್‌ಗೆ ನನ್ನದು ನೂರು ಓಟು. ಉದಾಹರಣೆಗೆ ಕಾಲೇಜಿನ ನಂಟಿನ ಪ್ರಶ್ನೆಯನ್ನೇ ತಗೊಳ್ಳಿ. ರಾಜಿ ಒಪ್ಪಂದದ ಪ್ರಕಾರ ಒಬ್ಬ ವ್ಯಕ್ತಿ, ಅವನ ಮನೆಯವರೂ ಸೇರಿ, ಜೀವಮಾನದಲ್ಲಿ ಆ ಕಾಲೇಜಿಗೆ 50,000 ಡಾಲರಿಗಿಂತ ಜಾಸ್ತಿ ಕೊಟ್ಟಿದ್ದರೆ ಅವನು ನಂಟಿನವನು. ಅವನ ಸ್ವಂತ ಕಂಪನಿಯೂ ಹಾಗೇ. ಆ ದೋಸೆ ಹೋಟೆಲಿನವರು ಇಪ್ಪತ್ತು ವರ್ಷದಿಂದ ಕಾಲೇಜಿಗೆ ದೇಣಿಗೆ ಕೊಡುತ್ತಿದ್ದಾರಾ ಅಂತ 19ರ ಹುಡುಗಿಗೆ ಹೇಗೆ ಗೊತ್ತಾಗಬೇಕು? ಅದು ಕಾಲೇಜಿನ ದೇಣಿಗೆ ವಿಭಾಗಕ್ಕೆ ಗೊತ್ತು. ಅವಳು ಊಹಿಸಿ "ಇಲ್ಲ" ಅಂತ ಒತ್ತಿದರೆ ಮುಂದೆ ಅದೇ ಅವಳಿಗೆ ತಿರುಗಿಕೊಳ್ಳುತ್ತದೆ.

ಓಹಾಯೊ_ಹಳ್ಳಿಹೈದ

ವಾವ್, ಇದೆಲ್ಲ ನನಗೆ ಬೇಕಿದ್ದದ್ದೇ. ಸ್ಕ್ರೀನ್‌ಶಾಟ್ ಐಡಿಯಾ ತಲೆಗೆ ಹೋಯಿತು. ದೀಪದ ಬಗ್ಗೆ ಇನ್ನೂ ಮನಸ್ಸು ಒಪ್ಪುತ್ತಿಲ್ಲ, ಕುಡ್ಲದವರು ಹೇಳಿದ್ದರಲ್ಲೂ ಅರ್ಥ ಇದೆ. ಆ್ಯಪ್ ತೆಗೆಯಲು ಏನೋ ಒಂದು ಆಸೆ ಇರಬೇಕಲ್ಲ. ಅಂದ ಹಾಗೆ ಡಿವಿಷನ್ 2, 3ರವರಿಗೂ ಇದೇ ನಿಯಮವಾ?

ಬಿಸಿಬೇಳೆ_ಬಾಸ್ಟನ್

ರಾಜಿಗೆ ಸೇರಿಕೊಂಡು ದುಡ್ಡು ಹಂಚುವ ಕಾಲೇಜುಗಳಿಗೆ ಮಾತ್ರ ಅಂತ ಓದಿದ ನೆನಪು.

ಕಂಪ್ಲಯನ್ಸ್_ಅಕ್ಕ

ಇಲ್ಲ. ದುಡ್ಡು ಹಂಚುವುದು ಕಾಲೇಜಿನ ಇಷ್ಟ. ಎನ್‌ಐಎಲ್ ಗೋ ವರದಿ ಡಿವಿಷನ್ 1ರ ಎಲ್ಲ ಆಟಗಾರರಿಗೂ, ಸ್ಕಾಲರ್‌ಶಿಪ್ ಇಲ್ಲದವರಿಗೂ. ಡಿವಿಷನ್ 2, 3ರವರಿಗೆ ಎನ್‌ಐಎಲ್ ಗೋ ಇಲ್ಲ. ಆದರೆ ಅವರ ಕಾಲೇಜಿನದು, ರಾಜ್ಯದ್ದು ಬೇರೆ ನಿಯಮ ಇರಬಹುದು. ಜೂಜು, ಮದ್ಯ, ತಂಬಾಕು ಜಾಹೀರಾತು ಅನೇಕ ಕಡೆ ನಿಷೇಧ. ಕಾಲೇಜಿನ ಲೋಗೋ ಹಾಕಿಕೊಂಡ ಜೆರ್ಸಿಯಲ್ಲಿ ವಿಡಿಯೋ ಮಾಡಲು ಕಾಲೇಜಿನ ಅನುಮತಿ ಬೇಕು. ಇದನ್ನು ಮಕ್ಕಳು ಮರೆತೇ ಬಿಡುತ್ತಾರೆ.

ತೆರಿಗೆಮಾವ

ನ್ಯೂಜೆರ್ಸಿಯಿಂದ ಸಿಪಿಎ, ಅಂದರೆ ಲೆಕ್ಕಪರಿಶೋಧಕ. ಯಾರೂ ತೆರಿಗೆ ಬಗ್ಗೆ ಮಾತೇ ಎತ್ತಿಲ್ಲವಲ್ಲ!

600 ಅನ್ನುವ ಸಂಖ್ಯೆ ಎರಡು ಕಡೆ ಇತ್ತು. ಒಂದು ಎನ್‌ಐಎಲ್ ಗೋ ವರದಿಗೆ. ಇನ್ನೊಂದು, ಕೊಟ್ಟ ದುಡ್ಡಿನ ಲೆಕ್ಕ ತೋರಿಸಲು ಕಂಪನಿಗಳು ಕಳಿಸುವ 1099-ಎನ್‌ಇಸಿ ತೆರಿಗೆ ಫಾರ್ಮಿಗೆ. ಜನ ಎರಡನ್ನೂ ಒಂದೇ ಅಂದುಕೊಂಡಿದ್ದರು. 2025ರ ಹೊಸ ತೆರಿಗೆ ಕಾನೂನಿನಿಂದ 2026ರಲ್ಲಿ ಕೊಟ್ಟ ದುಡ್ಡಿಗೆ 1099 ಮಿತಿ 2,000 ಡಾಲರಿಗೆ ಏರಿದೆ. ಈಗ ಹೊಸ ಗೊಂದಲ ಶುರು. "1099 ಬಂದಿಲ್ಲ, ಅಂದರೆ ತೆರಿಗೆ ಇಲ್ಲ" ಅಂತ ಮಕ್ಕಳು ಅಂದುಕೊಳ್ಳುತ್ತಾರೆ. ಫಾರ್ಮ್ ಬರಲಿ ಬಿಡಲಿ, ಆದಾಯ ಆದಾಯವೇ. ಸ್ವಂತ ದುಡಿಮೆಯ ನಿವ್ವಳ ಗಳಿಕೆ 400 ಡಾಲರ್ ಮುಟ್ಟಿದರೆ 15.3 ಶೇಕಡಾ ದರದ ಸ್ವಯಂ ಉದ್ಯೋಗ ತೆರಿಗೆ ಬೇರೆ. ಕೈಗೆ ದುಡ್ಡೇ ಬಾರದ ಬೂಟಿಗೂ, ದೋಸೆಗೂ ಮಾರುಕಟ್ಟೆ ಬೆಲೆ ಕಟ್ಟಿ ಆದಾಯಕ್ಕೆ ಸೇರಿಸಬೇಕು. ಆ ತೆರಿಗೆ ಕಟ್ಟಲು ದುಡ್ಡು ಬೇಕಲ್ಲ? ಅಪ್ಪ ಕೊಡಬೇಕು.

ಆ್ಯಪ್ ಒಂದು ಕೆಲಸ ಮಾಡಲಿ. ಡೀಲ್ ಸೇರಿಸಿದ ಕೂಡಲೇ "ಇದರಲ್ಲಿ ಇಷ್ಟನ್ನು ಪಕ್ಕಕ್ಕೆ ಎತ್ತಿಡು" ಅಂತ ಹೇಳಲಿ. ಏಪ್ರಿಲ್ 15, ಜೂನ್ 15, ಸೆಪ್ಟೆಂಬರ್ 15, ಜನವರಿ 15. ಈ ನಾಲ್ಕು ತಾರೀಕಿನ ಕಂತು ನೆನಪಿಸಲಿ. ಖರ್ಚಿನ ರಸೀದಿ ಇಡಲು ಜಾಗ ಕೊಡಲಿ. ಓಹಾಯೊದವರೇ, ನೀವು ಕೇಳಿದ ಆಸೆ ಇದೇ. ದೀಪಕ್ಕಿಂತ ಇದು ಉಪಯೋಗಕ್ಕೆ ಬರುತ್ತದೆ.

ಟೆನಿಸ್_ತಾಯಿ

ದೋಸೆಗೂ ತೆರಿಗೆಯಾ! ಮನೆಯಲ್ಲೇ ಮಾಡಿಕೊಡ್ತೀನಿ ಬಿಡಿ.

ಎಫ್‌ಒನ್_ಹುಡುಗ

ನಾನು ಬೆಂಗಳೂರಿನವನು, ಇಲ್ಲಿ ಡಿವಿಷನ್ 1ರಲ್ಲಿ ಈಜುತ್ತೇನೆ, ಎಫ್-1 (ವಿದ್ಯಾರ್ಥಿ) ವೀಸಾ. ಟೀಮಿನವರೆಲ್ಲ ಒಂದು ಪ್ರೋಟೀನ್ ಪುಡಿ ಕಂಪನಿಯ ಡೀಲ್ ಮಾಡಿಕೊಂಡರು. ನನಗೂ ಕಳಿಸಿದ್ದಾರೆ. ಸಹಿ ಹಾಕಬಹುದಾ? ಆ್ಯಪ್ ಇದ್ದರೆ ಅದು ಏನು ಹೇಳಬೇಕು?

ವಕೀಲ_ಡಲ್ಲಾಸ್

ತಮ್ಮಾ, ಸಹಿ ಹಾಕಬೇಡ. ಪೋಸ್ಟ್ ಹಾಕಬೇಡ. ಪುಡಿಯ ಡಬ್ಬವನ್ನೂ ಇಸಕೋಬೇಡ. ಮೊದಲು ನಿನ್ನ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಆಫೀಸಿನಲ್ಲಿ ವೀಸಾ ವಿಷಯ ನೋಡಿಕೊಳ್ಳುವ ಅಧಿಕಾರಿ, ಡಿಎಸ್‌ಒ ಹತ್ತಿರ ಹೋಗು, ಆಮೇಲೆ ಒಬ್ಬ ಇಮಿಗ್ರೇಷನ್ ವಕೀಲರ ಹತ್ತಿರ. ಎನ್‌ಸಿಎಎ ಒಪ್ಪಿದರೆ ವೀಸಾ ಕಾನೂನು ಒಪ್ಪಿದ ಹಾಗಲ್ಲ, ಎರಡೂ ಬೇರೆ ಬೇರೆ. ಎಫ್-1ನಲ್ಲಿ ಅನುಮತಿ ಇಲ್ಲದೆ ಕ್ಯಾಂಪಸ್ ಹೊರಗೆ ಕೆಲಸ ಮಾಡಿದರೆ ವೀಸಾ ಸ್ಥಿತಿಯೇ ಹೋಗಬಹುದು. ವಿಡಿಯೋ ಮಾಡಿಕೊಟ್ಟು ದುಡ್ಡು ತಗೊಂಡರೆ ಅದು ಕೆಲಸ ಅನ್ನಿಸಿಕೊಳ್ಳುವ ಅಪಾಯ ಜಾಸ್ತಿ. ಕೆಂಟಕಿಯಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಿದ್ದ ಕಾಂಗೋ ದೇಶದ ಆಸ್ಕರ್ ಶೀಬ್ವೆ 2022ರಲ್ಲಿ ಟೀಮು ಬಹಾಮಾಸ್‌ಗೆ ಹೋಗಿದ್ದಾಗ ಅಲ್ಲೇ ಎನ್‌ಐಎಲ್ ಶೂಟಿಂಗ್ ಮುಗಿಸಿದ್ದರು. ಯಾಕೆ ಹೇಳು? ಅಮೆರಿಕದ ನೆಲದ ಮೇಲೆ ಆ ಕೆಲಸ ಮಾಡಬಾರದು ಅಂತಲೇ. ಅವರಿಗೆ ಇಡೀ ಕಾಲೇಜೇ ಹಿಂದೆ ನಿಂತಿತ್ತು. ಅದನ್ನು ನೋಡಿ ನೀನೂ ಹಾಗೇ ಮಾಡಬಹುದು ಅಂದುಕೋಬೇಡ.

ಓಹಾಯೊದವರಿಗೆ: ಮೊದಲ ಪರದೆಯಲ್ಲೇ ವೀಸಾ ಪ್ರಶ್ನೆ ಇರಲಿ. ಎಫ್-1 ಅಂದರೆ ಡೀಲ್ ಸೇರಿಸಲು ಬಿಡಲೇಬೇಡಿ. ಸರಿಯಾಗಿ ವರದಿ ಮಾಡಿದ ಡೀಲ್ ಅಂದರೆ ಈ ಹುಡುಗರ ಪಾಲಿಗೆ ತಾರೀಕು ಸಮೇತ ಬರೆದುಕೊಟ್ಟ ತಪ್ಪೊಪ್ಪಿಗೆ.

ಜಯನಗರ_4ನೇಬ್ಲಾಕ್

ಆದರೆ ಮೊದಲ ಪರದೆಯಲ್ಲಿ ವೀಸಾ ಕೇಳಿದರೆ ಆ ಉತ್ತರವನ್ನೂ ನೀವು ಎಲ್ಲೋ ಇಟ್ಟುಕೊಂಡ ಹಾಗಾಯಿತು ಅಲ್ವಾ? ಕೇಳಿ, ಸಲಹೆ ತೋರಿಸಿ, ಮರೆತುಬಿಡಿ. ಸರ್ವರ್‌ಗೆ ಕಳಿಸಬೇಡಿ.

ವಕೀಲ_ಡಲ್ಲಾಸ್

ಸರಿಯಾದ ಮಾತು.

ಎಫ್‌ಒನ್_ಹುಡುಗ

ಥ್ಯಾಂಕ್ಸ್ ಸರ್. ನಾಳೆಯೇ ಡಿಎಸ್‌ಒ ಹತ್ತಿರ ಹೋಗುತ್ತೇನೆ. ಬೇಜಾರೂ ಆಗುತ್ತೆ. ಅದೇ ನೀರಲ್ಲಿ ಎಲ್ಲರೂ ಈಜುವುದು.

ಹಳೇ_ಕಬಡ್ಡಿಗ

ಸೋಮದೇವ್ ದೇವವರ್ಮನ್ 2007, 2008 ಎರಡು ವರ್ಷ ಸತತ ಎನ್‌ಸಿಎಎ ಸಿಂಗಲ್ಸ್ ಗೆದ್ದಾಗ ವರ್ಜೀನಿಯಾ ಯೂನಿವರ್ಸಿಟಿಯಲ್ಲಿದ್ದ. ಆಗ ಯಾರಿಗೂ ಒಂದು ಪೈಸೆ ಇಲ್ಲ. ಈಗ ಅಂಥ ಹುಡುಗ ಬಂದು ಗೆದ್ದರೂ ಪಕ್ಕದ ಕೋರ್ಟಿನಲ್ಲಿ ಸೋತ ಅಮೆರಿಕದವನಿಗೆ ಡೀಲ್, ಇವನಿಗೆ ಚಪ್ಪಾಳೆ. ಇದೆಂಥ ನ್ಯಾಯ?

ಧಾರವಾಡ_ಪೇಡಾ

ವೀಸಾದಾಗ ನ್ಯಾಯ ಹುಡುಕಬ್ಯಾಡ್ರಿ. ಅಂದ ಹಾಗೆ ಓಹಾಯೊ ಸರ್, ನೀವು ಎಚ್-1ಬಿ ಮ್ಯಾಲ ಇದ್ದೀರೇನು? ಇದ್ದರ ನೀವ ಈ ಆ್ಯಪ್ ಮಾರೋ ಹಂಗಿಲ್ಲ ನೋಡ್ರಿ 😀

ಓಹಾಯೊ_ಹಳ್ಳಿಹೈದ

ಗ್ರೀನ್ ಕಾರ್ಡ್ ಬಂದಿದೆ ಸರ್, ಅದಕ್ಕೇ ಧೈರ್ಯ. ಎಷ್ಟು ವರ್ಷ ಕಾದೆ ಅಂತ ಮಾತ್ರ ಕೇಳಬೇಡಿ.

ಕುಡ್ಲ_ಕೋಡರ್

ಅದಕ್ಕೆ ಬೇರೆ ಥ್ರೆಡ್ ಬೇಕು.

ಸರಿ, ದೀಪ ಬೇಡ ಅಂತ ಎಲ್ಲರೂ ಹೇಳುವುದಾದರೆ ಇನ್ನೊಂದು ದಾರಿ ಹೇಳ್ತೇನೆ. ತೀರ್ಪು ಕೊಡುವುದು ಬೇಡ, ಎದುರಿನವರು ಏನು ಕೇಳಬಹುದು ಅನ್ನುವುದನ್ನು ತೋರಿಸಿ. "ಕೆಲಸ ಏನು ಅಂತ ಬರೆದಿಲ್ಲ, ಇದನ್ನು ಕೇಳ್ತಾರೆ." "ದುಡ್ಡು ಕೊಡುವವರ ಪೂರ್ತಿ ಹೆಸರಿಲ್ಲ." "ಇದೇ ಕಂಪನಿಯಿಂದ ಈ ಮೊದಲು 450 ಬಂದಿದೆ, ಇದು ಸೇರಿದರೆ 600 ದಾಟುತ್ತದೆ." ಇದೆಲ್ಲ ನಿಜವೇ ಅಲ್ವಾ, ಇದರಲ್ಲಿ ಅಭಿಪ್ರಾಯ ಇಲ್ಲ. ವಕೀಲರೇ, ಇದಕ್ಕೂ ಕೇಸ್ ಹಾಕ್ತೀರಾ?

ವಕೀಲ_ಡಲ್ಲಾಸ್

ಇದಕ್ಕೆ ಹಾಕೋದಿಲ್ಲ. ಇದು ಚೆನ್ನಾಗಿದೆ.

ಕಂಪ್ಲಯನ್ಸ್_ಅಕ್ಕ

ಹೌದು, ಇದನ್ನು ಮಾಡಿ. ಕಮಿಷನ್ ತಡೆದ ಡೀಲ್‌ಗಳಿಗೆ ಕೊಟ್ಟ ಕಾರಣದಲ್ಲಿ ಇದೂ ಒಂದು. ಕೆಲಸ ಏನು ಅಂತ ನಿರ್ದಿಷ್ಟವಾಗಿ ಹೇಳದೆ, ಮುಂದೆ ಯಾವಾಗಲಾದರೂ ಹೆಸರು ಬಳಸಿಕೊಳ್ಳುತ್ತೇವೆ ಅಂತ ಈಗಲೇ ದುಡ್ಡು ಕೊಟ್ಟಿಡುವುದು. ವೇರ್‌ಹೌಸಿಂಗ್ ಅನ್ನುತ್ತಾರೆ. ಜೊತೆಗೆ ಅರ್ಧ ತುಂಬಿದ ವರದಿಗಳಿಂದಲೇ ತಡ ಆಗುತ್ತದೆ. ಹಾಗಂತ ಎಲ್ಲ ಡೀಲೂ ಸಿಕ್ಕಿಬೀಳುತ್ತವೆ ಅಂತ ಹೆದರಬೇಡಿ. 2025ರ ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ 8 ಸಾವಿರಕ್ಕೂ ಹೆಚ್ಚು ಡೀಲ್ ಪಾಸಾಗಿವೆ. ತಡೆದದ್ದು ಕೆಲವು ನೂರು ಅಷ್ಟೇ. ತಡೆದರೂ ಕಥೆ ಮುಗಿಯುವುದಿಲ್ಲ. ತಿದ್ದಿ ಮತ್ತೆ ಹಾಕಬಹುದು, ಕೈಬಿಡಬಹುದು, ಮಧ್ಯಸ್ಥಿಕೆಗೆ ಹೋಗಬಹುದು.

ಬಿಸಿಬೇಳೆ_ಬಾಸ್ಟನ್

ಎಲ್ಲ ಸರಿ. ಆಟಗಾರರ ಡೀಲ್ ನೋಡಿಕೊಳ್ಳುವ ಓಪನ್‌ಡಾರ್ಸ್ ಕಂಪನಿ ಇದೆಯಲ್ಲ? ನೆಬ್ರಾಸ್ಕಾದಲ್ಲಿ ಫುಟ್ಬಾಲ್ ಆಡಿದ ಇಬ್ಬರು ಹುಡುಗರು ಕಟ್ಟಿದ್ದು, ಎನ್‌ಐಎಲ್‌ಗಿಂತ ಎಷ್ಟೋ ಮೊದಲು. ಟೀಮ್‌ವರ್ಕ್ಸ್ ಅನ್ನುವ ಇನ್ನೊಂದು ಕಂಪನಿ, ಇನ್‌ಫ್ಲೂಯೆನ್ಸರ್ ಅನ್ನುವ ಕಂಪನಿಯನ್ನೇ ಕೊಂಡುಕೊಂಡಿತು. ಇವರೆಲ್ಲ ಕಾಲೇಜುಗಳ ಜೊತೆ ಒಪ್ಪಂದ ಮಾಡಿಕೊಂಡು ಕೂತಿದ್ದಾರೆ. ಅವರ ಮುಂದೆ ಕೊಲಂಬಸ್‌ನ ಒಬ್ಬ ಮನುಷ್ಯ ಏನು ಮಾಡ್ತಾನೆ? ನಿರುತ್ಸಾಹ ಮಾಡುತ್ತಿಲ್ಲ, ಕೇಳುತ್ತಿದ್ದೇನೆ.

ಜಯನಗರ_4ನೇಬ್ಲಾಕ್

ನೀವೇ ಉತ್ತರ ಹೇಳಿದ್ದೀರಿ. ಅವರು ಕಾಲೇಜಿಗೆ ಮಾರುತ್ತಾರೆ. ಈ ಮಕ್ಕಳು ಈಗ ಒಂದೇ ಕಾಲೇಜಿನಲ್ಲಿ ನಾಲ್ಕು ವರ್ಷ ಇರುವುದೇ ಅಪರೂಪ, ಟ್ರಾನ್ಸ್‌ಫರ್ ಪೋರ್ಟಲ್ ಇದೆ. ಕಾಲೇಜು ಬದಲಾದರೆ ಹಳೆ ಕಾಲೇಜಿನ ಸಾಫ್ಟ್‌ವೇರ್‌ನಲ್ಲಿದ್ದ ಡೀಲ್ ಚರಿತ್ರೆ ಏನಾಗುತ್ತದೆ? ಆಟಗಾರ್ತಿ ತನ್ನ ದಾಖಲೆ ತಾನೇ ಇಟ್ಟುಕೊಳ್ಳುವ ಜಾಗ ಆಗಲಿ ಇದು. ಯಾವ ಕಾಲೇಜಿಗೆ ಹೋದರೂ ಅವಳ ಜೊತೆಗೇ ಬರುವಂಥದ್ದು.

ವಕೀಲ_ಡಲ್ಲಾಸ್

ಖಾಸಗಿತನದ ದೃಷ್ಟಿಯಿಂದಲೂ ಅದೇ ಒಳ್ಳೆಯದು. ಕಾಲೇಜಿನ ಕೈಗೆ ಹೋದ ಕಾಗದ, ವಿದ್ಯಾರ್ಥಿಗಳ ದಾಖಲೆಯ ಖಾಸಗಿತನ ಕಾಯುವ ಫೆರ್ಪಾ ಕಾನೂನಿನ ಕೆಳಗೆ ವಿದ್ಯಾರ್ಥಿಯ ದಾಖಲೆ ಅಂತ ವಾದ ಬರುತ್ತದೆ. ಪತ್ರಕರ್ತರು ಕೇಳಿದಾಗ ಕಾಲೇಜುಗಳು ಅದನ್ನೇ ಮುಂದಿಟ್ಟು ಕೊಡಲ್ಲ ಅಂದಿದ್ದಿದೆ. ಯಾರು ನೋಡಬಹುದು ಅನ್ನುವುದನ್ನು ಆಟಗಾರರೇ ತೀರ್ಮಾನಿಸಲಿ. ಕೋಚ್‌ಗೆ ತಾನಾಗಿ ಕಾಣಬಾರದು. ಒಬ್ಬ ಏಜೆಂಟ್ ಮಾಡಿಸಿದ ಡೀಲ್ ಇನ್ನೊಬ್ಬ ಏಜೆಂಟ್‌ಗೆ ಕಾಣಬಾರದು.

ಬಾಯಿಮಾತಿನ ಭರವಸೆಗೂ ಒಂದು ಜಾಗ ಇಡಿ. 2024ರ ಸೆಪ್ಟೆಂಬರ್‌ನಲ್ಲಿ ಫುಟ್ಬಾಲ್ ಆಟಗಾರ ಮ್ಯಾಥ್ಯೂ ಸ್ಲೂಕಾ ಸೀಸನ್ ನಡುವೆ ಲಾಸ್ ವೇಗಾಸ್‌ನ ಯುಎನ್‌ಎಲ್‌ವಿ ಕಾಲೇಜಿನ ಟೀಮು ಬಿಟ್ಟರು. 1 ಲಕ್ಷ ಡಾಲರ್ ಕೊಡುತ್ತೇವೆ ಅಂತ ಬಾಯಲ್ಲಿ ಹೇಳಿ ಕೊಡಲಿಲ್ಲ ಅನ್ನುವುದು ಅವರ ಕಡೆಯವರ ಆರೋಪ, ಕಾಲೇಜು ಒಪ್ಪಲಿಲ್ಲ. ಯಾರು, ಯಾವತ್ತು, ಏನು ಹೇಳಿದರು ಅಂತ ಅವತ್ತೇ ಎರಡು ಸಾಲು ಬರೆದಿಟ್ಟರೆ ಆಮೇಲೆ ಬೆಲೆ ಬರುತ್ತದೆ.

ಸುಮ್ನೆ_ಓದುಗ

ಸೀರಿಯಸ್ ಚರ್ಚೆ ನಡುವೆ ಒಂದು ಮಜಾ ವಿಷಯ. ನೆಬ್ರಾಸ್ಕಾದಲ್ಲಿ ಡಿಕೋಲ್ಡೆಸ್ಟ್ ಕ್ರಾಫರ್ಡ್ ಅಂತ ಒಬ್ಬ ಫುಟ್ಬಾಲ್ ಆಟಗಾರ ಇದ್ದ. ಹೆಸರಲ್ಲೇ ತಂಪು. 2022ರಲ್ಲಿ ಅವನಿಗೆ ಡೀಲ್ ಕೊಟ್ಟಿದ್ದು ಏಸಿ ರಿಪೇರಿ ಕಂಪನಿ! ಇದಕ್ಕಿಂತ ನಿಜವಾದ ವ್ಯಾಪಾರದ ಉದ್ದೇಶ ಬೇಕಾ?

ಕುಡ್ಲ_ಕೋಡರ್

🤣🤣 ಇವನಿಗೆ ಹಸಿರು ದೀಪ ಕೊಡಿ ಮಾರಾಯ್ರೆ, ಇವನೊಬ್ಬನಿಗೆ.

ತೆರಿಗೆಮಾವ

ದುಡ್ಡಿನ ಪ್ರಶ್ನೆ ಹಾಗೇ ಉಳಿಯಿತು. ನನ್ನ ಸಲಹೆ: ಆಟಗಾರರಿಗೆ ಉಚಿತ. ವರ್ಷದ ಕೊನೆಗೆ ತೆರಿಗೆಗೆ ಬೇಕಾದ ಪಟ್ಟಿಯನ್ನು ಅಚ್ಚುಕಟ್ಟಾಗಿ ತೆಗೆದುಕೊಡಲು ಒಂದು ಚಿಕ್ಕ ಶುಲ್ಕ. ನನ್ನಂಥವರು ಸಂತೋಷದಿಂದ ಕೊಡುತ್ತೇವೆ. ಫೆಬ್ರವರಿಯಲ್ಲಿ ಒಬ್ಬ ಹುಡುಗ ಚೀಲದ ತುಂಬ ಕಾಗದ ತಂದು ಸುರಿಯುವುದು ತಪ್ಪುತ್ತದೆ.

ಬಿಸಿಬೇಳೆ_ಬಾಸ್ಟನ್

ಚಿಕ್ಕ ಶುಲ್ಕದಲ್ಲಿ ಸರ್ವರ್ ಬಾಡಿಗೆ ಹುಟ್ಟುತ್ತದೆಯೇ ಹೊರತು ಸಂಬಳ ಹುಟ್ಟುವುದಿಲ್ಲ. ದೊಡ್ಡ ಡೀಲ್ ಮಾಡುವವರಿಗೆ ಏಜೆಂಟ್ ಇರುತ್ತಾರೆ, ಅವರಿಗೆ ಈ ಆ್ಯಪ್ ಬೇಡ. ಬೇಕಾದವರ ಹತ್ತಿರ ದುಡ್ಡಿಲ್ಲ. ಕೆಲಸ ಬಿಡಬೇಡಿ ಅಂತ ಮಾತ್ರ ಹೇಳುತ್ತೇನೆ.

ಕಂಪ್ಲಯನ್ಸ್_ಅಕ್ಕ

ಇದನ್ನು ಒಪ್ಪುತ್ತೇನೆ. ಸಣ್ಣ ಕಾಲೇಜುಗಳ ನಮ್ಮಂಥ ಆಫೀಸುಗಳೂ ಹೊಸ ಸಾಫ್ಟ್‌ವೇರ್‌ಗೆ ಸುಲಭವಾಗಿ ಕೈ ಬಿಚ್ಚುವುದಿಲ್ಲ. ಆದರೆ ಆಟಗಾರರು ಕಳಿಸಿದ ಒಂದು ಶುದ್ಧ ಪಿಡಿಎಫ್ ನೋಡಲು ನಮಗೇನೂ ಖರ್ಚಿಲ್ಲ. ಹಾಗಾಗಿ ಎನ್‌ಐಎಲ್ ಗೋ ಒಳಗೆ ನಿಮ್ಮ ಆ್ಯಪ್ ನೇರವಾಗಿ ಸೇರಿಕೊಳ್ಳುತ್ತದೆ ಅಂತ ನಂಬಿ ಕಟ್ಟಬೇಡಿ. ಅವರ ಪ್ರಶ್ನೆಗಳ ಕ್ರಮದಲ್ಲೇ ಉತ್ತರ ಜೋಡಿಸಿಕೊಡಿ, ಆಟಗಾರರು ನೋಡಿಕೊಂಡು ತಾವೇ ತುಂಬಲಿ.

ಓಹಾಯೊ_ಹಳ್ಳಿಹೈದ

ಸರಿ, ದೀಪ ತೆಗೆದೆ. ಮೊದಲ ಆವೃತ್ತಿಯಲ್ಲಿ ಇಷ್ಟು ಮಾಡುತ್ತೇನೆ. ಸ್ಕ್ರೀನ್‌ಶಾಟ್ ಶೇರ್ ಮಾಡಿದರೆ ಡೀಲ್ ದಾಖಲಾಗುತ್ತದೆ. ಒಬ್ಬೊಬ್ಬ ಕೊಡುವವರ ಮೊತ್ತ ತಾನೇ ಕೂಡುತ್ತದೆ. ಐದು ದಿನದ ಲೆಕ್ಕ ಓಡುತ್ತದೆ. "ಗೊತ್ತಿಲ್ಲ" ಬಟನ್ ಎಲ್ಲ ಕಡೆ. ಏನೇನು ಕೇಳಬಹುದು ಅನ್ನುವ ಪಟ್ಟಿ. ಡೇಟಾ ಫೋನಿನಲ್ಲೇ, ಪಿಡಿಎಫ್ ಹೊರಗೆ. ತೆರಿಗೆ ಭಾಗ ಎರಡನೇ ಆವೃತ್ತಿಗೆ, ಮಾವ ಬೇಜಾರು ಮಾಡ್ಕೋಬೇಡಿ. ಕೆಲಸವನ್ನೂ ಬಿಡುವುದಿಲ್ಲ.

ತೆರಿಗೆಮಾವ

ಮೊದಲ ಆವೃತ್ತಿಯಲ್ಲೇ ರಸೀದಿಗೆ ಜಾಗ ಬಿಡಿ. ಆಮೇಲೆ ಸೇರಿಸುತ್ತೇನೆ ಅಂದವರು ಯಾರೂ ಸೇರಿಸಿಲ್ಲ.

ಜಯನಗರ_4ನೇಬ್ಲಾಕ್

ಡೇಟಾ ಬರೀ ಫೋನಿನಲ್ಲೇ ಇದ್ದು ಫೋನ್ ಈಜುಕೊಳಕ್ಕೆ ಬಿದ್ದರೆ? ಬ್ಯಾಕಪ್ ಬಗ್ಗೆ ಯೋಚನೆ ಮಾಡಿ. ಪರದೆಗಳ ಮೊದಲ ಚಿತ್ರ ನಾನು ಬರೆದುಕೊಡುತ್ತೇನೆ, ಮೆಸೇಜ್ ಮಾಡಿ.

ಟೆನಿಸ್_ತಾಯಿ

ಒಂದು ಕಡೇ ಪ್ರಶ್ನೆ. ವಿಡಿಯೋದಲ್ಲಿ "ಇದು ಜಾಹೀರಾತು" ಅಂತ ಹೇಳಲೇಬೇಕಾ? ಮಗಳು ಬೇಡ ಅನ್ನುತ್ತಾಳೆ, ಲೈಕ್ ಕಡಿಮೆ ಆಗುತ್ತಂತೆ.

ಕಂಪ್ಲಯನ್ಸ್_ಅಕ್ಕ

ಹೇಳಲೇಬೇಕು ಅಕ್ಕಾ. ಅದು ಎನ್‌ಸಿಎಎ ನಿಯಮ ಅಲ್ಲ, ಗ್ರಾಹಕರ ರಕ್ಷಣೆ ನೋಡಿಕೊಳ್ಳುವ ಎಫ್‌ಟಿಸಿಯದು. ದುಡ್ಡಾಗಲಿ ಊಟವಾಗಲಿ ಪಡೆದು ಹೊಗಳಿದರೆ ನೋಡುವವರಿಗೆ ಅದು ಸ್ಪಷ್ಟವಾಗಿ ಕಾಣಬೇಕು. ಕೊನೆಯಲ್ಲಿ ಇಪ್ಪತ್ತು ಹ್ಯಾಷ್‌ಟ್ಯಾಗ್ ಮಧ್ಯೆ ಬಚ್ಚಿಟ್ಟರೆ ಆಗುವುದಿಲ್ಲ. ಓಹಾಯೊದವರೇ, ಇದನ್ನೂ ಪಟ್ಟಿಗೆ ಸೇರಿಸಿ. ಪೋಸ್ಟ್ ಹಾಕುವ ದಿನ ಬೆಳಿಗ್ಗೆ ಒಂದು ನೆನಪಿನ ಗಂಟೆ.

ಓಹಾಯೊ_ಹಳ್ಳಿಹೈದ

ಸೇರಿಸಿದೆ. ಥ್ಯಾಂಕ್ಸ್‌ಗಿವಿಂಗ್ ವಾರದಲ್ಲಿ ಐದು ಕೆಲಸದ ದಿನ ಹೇಗೆ ಎಣಿಸುವುದು, ಶುಕ್ರವಾರವೂ ರಜೆಯಾ?

ಕಂಪ್ಲಯನ್ಸ್_ಅಕ್ಕ

ಅನುಮಾನ ಇದ್ದರೆ ಮುಂಚಿನ ತಾರೀಕನ್ನೇ ತೋರಿಸಿ. ಬೇಗ ಹಾಕಿದ್ದಕ್ಕೆ ಯಾರೂ ಬೈಯುವುದಿಲ್ಲ.